ಗಾಜಿನ ತೊಟ್ಟಿಯ ಮೀನಿಗೆ ಬೇನೆ: ಮದ್ದಿಗೆ ಮೊದಲು ನೀರು ನೋಡಿ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ಪೇಟೆಯವರ ಹವ್ಯಾಸವಾಗಿ ಮಾತ್ರ ಉಳಿದಿಲ್ಲ. ಹಳ್ಳಿಮನೆಯ ಪಡಸಾಲೆಗೂ ತೊಟ್ಟಿ ಬಂದಿದೆ. ಹಿತ್ತಿಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್ ಫಿಶ್‌ಗಳನ್ನು ಮರಿ ಮಾಡಿಸಿ ಅಂಗಡಿಗಳಿಗೆ ಕೊಡುವ ರೈತರೂ ಇದ್ದಾರೆ. ಪಡಸಾಲೆಯಲ್ಲಿ ನಾಲ್ಕು ಮೀನು ಸತ್ತರೆ ಮಕ್ಕಳು ಅಳುತ್ತಾರೆ. ಅದೇ ಬೇನೆ ಹಿತ್ತಿಲ ತೊಟ್ಟಿಗೆ ಹೊಕ್ಕರೆ ತಿಂಗಳುಗಟ್ಟಲೆ ಸಾಕಿದ ಮರಿಗಳು ಒಂದೆರಡು ವಾರದಲ್ಲಿ ಕೈಬಿಟ್ಟು ಹೋಗಬಹುದು. ಎರಡು ಕಡೆಯೂ ಸಾಮಾನ್ಯವಾಗಿ ಆಗುವುದು ಒಂದೇ. ಮೀನು ಸಪ್ಪಗಾದ ಕೂಡಲೇ ಅಂಗಡಿಗೆ ಹೋಗಿ ಸಿಕ್ಕಿದ ನೀಲಿ ಮದ್ದನ್ನು ತಂದು ಸುರಿಯುತ್ತಾರೆ. ಆದರೆ ಬಹಳಷ್ಟು ಸಲ ದೋಷವಿರುವುದು ಮೀನಿನಲ್ಲಲ್ಲ, ನೀರಿನಲ್ಲಿ. ಕೆಟ್ಟ ನೀರಿಗೆ ಮದ್ದು ಸುರಿದರೆ ಉಳಿಯಬಹುದಾಗಿದ್ದ ಮೀನೂ ಸಾಯುತ್ತದೆ.

ನೀರಿನ ದೋಷವೋ, ರೋಗವೋ?

ಇದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ತೊಟ್ಟಿಯ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿರಿ. ಇದ್ದ ಮೀನುಗಳೆಲ್ಲ ಒಟ್ಟಿಗೆ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದು ನೀರಿನ ದೋಷವೆಂದೇ ಮೊದಲು ತಿಳಿಯಿರಿ. ಒಂದೆರಡು ಮೀನು ಮಾತ್ರ ಮೂಲೆ ಹಿಡಿದು, ಮೇವು ಬಿಟ್ಟು, ಉಳಿದವು ಚುರುಕಾಗಿದ್ದರೆ ರೋಗದ ಅನುಮಾನ ಪಡಬಹುದು.

ಹೊತ್ತನ್ನೂ ಗಮನಿಸಿರಿ. ಬೆಳಗಿನ ಜಾವ ಏದುಸಿರು, ಹೊತ್ತೇರಿದ ಮೇಲೆ ಸರಿ ಎಂದಾದರೆ ಆಮ್ಲಜನಕದ ಕೊರತೆ. ನೀರು ಹಸಿರುಗಟ್ಟಿದ ಸಿಮೆಂಟ್ ತೊಟ್ಟಿಯಲ್ಲಿ ಇದು ಹೆಚ್ಚು. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಬೇಸಿಗೆಯಲ್ಲಂತೂ ನೀರಿನ ಶಕ್ತಿಯೇ ಕುಗ್ಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುವ ನೀರು, 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನೇ ಹಿಡಿಯುತ್ತದೆ.

ನೀರು ಬದಲಾಯಿಸಿದ ಕೆಲವೇ ಗಂಟೆಗಳಲ್ಲಿ ಮೀನು ಒದ್ದಾಡಿದರೆ ನಲ್ಲಿ ನೀರಿನ ಕ್ಲೋರಿನ್ ಕಾರಣವಾಗಿರಬಹುದು. ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿರಿ. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕ ಕಡಿಮೆ ಇರುವುದುಂಟು. ಅದನ್ನೂ ಗಾಳಿಯಾಡಲು ಬಿಟ್ಟೇ ಬಳಸುವುದು ಒಳ್ಳೆಯದು.

ಹೊಸ ತೊಟ್ಟಿಯ ಮಾತೇ ಬೇರೆ. ಮೀನಿನ ಕಿವಿರು ಮತ್ತು ಹಿಕ್ಕೆಗಳಿಂದ ಬರುವ ಅಮೋನಿಯ ವಿಷ. ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಗಳು ಶೋಧಕದಲ್ಲಿ, ಮರಳಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಇಪ್ಪತ್ತು ಮೀನು ತಂದು ಬಿಟ್ಟರೆ ಅವು ತಮ್ಮ ಅಮೋನಿಯದಲ್ಲಿ ತಾವೇ ಸಾಯುತ್ತವೆ. ಶೋಧಕದ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆಯುವವರೂ ಈ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತಾರೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಹಿಂಡಿದರೆ ಸಾಕು.

ರೈತರ ಮನೆಗೆಂದೇ ಇನ್ನೊಂದು ಮಾತು. ಹೊಲದಲ್ಲಿ ಕೀಟನಾಶಕ ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಗೆ ಹಾಕಬೇಡಿ. ಔಷಧಿ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದಿದ್ದರೂ ಮೀನಿನ ನೀರಿಗೆ ಬಳಸಬೇಡಿ. ಪೈರೆತ್ರಾಯ್ಡ್ ಗುಂಪಿನ ಕೀಟನಾಶಕಗಳು ದನಕರುಗಳಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷಕಾರಿ. ಮನೆಯೊಳಗೆ ಸೊಳ್ಳೆಗೆ ಹೊಡೆಯುವ ಔಷಧಿಗಳಲ್ಲಿಯೂ ಹೆಚ್ಚಾಗಿ ಇದೇ ಗುಂಪಿನವು ಇರುತ್ತವೆ.

ನೀರಿನ ದೋಷವೆಂದು ಕಂಡಾಗ ಮೂರನೆಯ ಒಂದು ಪಾಲು ನೀರನ್ನು ತಳದ ಕಸದ ಸಮೇತ ಕೊಳವೆಯಿಂದ ಹೀರಿ ತೆಗೆಯಿರಿ. ಒಂದು ದಿನ ಇಟ್ಟ, ಅಷ್ಟೇ ಬಿಸುಪಿನ ನೀರನ್ನು ನಿಧಾನವಾಗಿ ತುಂಬಿರಿ. ಗಾಳಿ ಪಂಪು ನಡೆಯಲಿ. ಎರಡು ದಿನ ಮೇವು ಹಾಕಬೇಡಿ, ಬೆಳೆದ ಮೀನು ಅಷ್ಟಕ್ಕೆ ಸಾಯುವುದಿಲ್ಲ. ಮೀನು ಚೇತರಿಸಿಕೊಂಡರೆ ಮದ್ದಿನ ಮಾತನ್ನೇ ಬಿಡಿ.

ಬಿಳಿಚುಕ್ಕೆ ರೋಗ

ನಿಜವಾದ ರೋಗಗಳಲ್ಲಿ ಮನೆತೊಟ್ಟಿಗೆ ಬಹಳವಾಗಿ ಕಾಡುವುದು ಇದೇ. ಮೈಮೇಲೆ, ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಏಳುತ್ತವೆ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ. ಕಿವಿರಿಗೆ ಹತ್ತಿದರೆ ಮೈಮೇಲೆ ನಾಲ್ಕೇ ಚುಕ್ಕೆ ಇದ್ದರೂ ಉಸಿರು ಕಟ್ಟಿ ಸಾಯಬಹುದು. ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂಭಾಗದಲ್ಲಿ ಸಾಲಾಗಿ ಬಿಳಿ ಗುಳ್ಳೆಗಳು ಬರುತ್ತವೆ. ಅದು ರೋಗವಲ್ಲ, ಹರೆಯದ ಗುರುತು. ಅದಕ್ಕೆ ಮದ್ದು ಹಾಕಬೇಡಿ.

ಈ ರೋಗ ತರುವುದು ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಇದರ ಬಾಳುವೆ ದನದ ಉಣ್ಣೆಯದ್ದನ್ನು ಹೋಲುತ್ತದೆ. ರಕ್ತ ಹೀರಿ ಬಲಿತ ಉಣ್ಣೆ ಉದುರಿ ಕೊಟ್ಟಿಗೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದಲ್ಲವೇ? ಹಾಗೆಯೇ ಇದೂ ಮೀನಿನ ಚರ್ಮದ ಪದರದೊಳಗೆ ಬಲಿತು, ಉದುರಿ, ತಳದ ಮರಳಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಇದು ಮೊಟ್ಟೆಯಿಡುವುದಿಲ್ಲ. ಕೋಶದೊಳಗೆ ಒಂದು ಜೀವಿಯೇ ನೂರಾರಾಗಿ ಸೀಳಿಕೊಳ್ಳುತ್ತದೆ. ಹೊರಬಂದ ಮರಿಗಳು ಈಜುತ್ತಾ ಒಂದೆರಡು ದಿನದಲ್ಲಿ ಮೀನನ್ನು ಹಿಡಿಯಬೇಕು, ಇಲ್ಲವಾದರೆ ಸಾಯುತ್ತವೆ. 25 ಡಿಗ್ರಿಯ ನೀರಿನಲ್ಲಿ ಈ ಸುತ್ತು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ, ತಣ್ಣೀರಿನಲ್ಲಿ ಹೆಚ್ಚು ದಿನ ಹಿಡಿಯುತ್ತದೆ.

ಮದ್ದು ತಗಲುವುದು ಈಜುವ ಮರಿಗೆ ಮಾತ್ರ. ಚರ್ಮದೊಳಗಿನದಕ್ಕೂ ಕೋಶದೊಳಗಿನದಕ್ಕೂ ತಗಲುವುದಿಲ್ಲ. ಒಂದು ದಿನ ಮದ್ದು ಹಾಕಿ, ಮೂರನೆಯ ದಿನ ಚುಕ್ಕೆ ಉದುರಿದ್ದನ್ನು ಕಂಡು ವಾಸಿಯಾಯಿತೆಂದು ಬಿಟ್ಟವರ ತೊಟ್ಟಿಯಲ್ಲಿ ಮುಂದಿನ ವಾರ ಚುಕ್ಕೆ ಹತ್ತರಷ್ಟಾಗಿ ಏಳುವುದು ಇದರಿಂದಲೇ.

ಮನೆಯಲ್ಲಿರುವ ಕಲ್ಲುಪ್ಪೇ ಇದಕ್ಕೆ ಒಳ್ಳೆಯ ಮದ್ದು. ಲೀಟರಿಗೆ 2 ಗ್ರಾಂ ಸಾಕು. ಮೊದಲು ನೀರನ್ನು ಅಳೆಯಿರಿ. ತೊಟ್ಟಿಯ ಒಳಗಿನ ಉದ್ದ, ಅಗಲ, ನೀರಿನ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಉದ್ದ, 30 ಅಗಲ, 25 ಎತ್ತರ ನೀರಿದ್ದರೆ 45 ಲೀಟರ್, ಉಪ್ಪು 90 ಗ್ರಾಂ. ಕಲ್ಲು, ಮರಳು ಹಾಕಿದ್ದರೆ ಅದಕ್ಕೆ ತಕ್ಕಷ್ಟು ತಗ್ಗಿಸಿರಿ. ಉಪ್ಪನ್ನು ಚೊಂಬಿನಲ್ಲಿ ಕರಗಿಸಿ ಮೂರು ಪಾಲು ಮಾಡಿ, ಹನ್ನೆರಡು ಗಂಟೆಗೊಂದರಂತೆ ಹಾಕಿರಿ. ಎರಡು ದಿನಕ್ಕೊಮ್ಮೆ ತಳದ ಕಸ ಹೀರಿ ಕಾಲುಭಾಗ ನೀರು ಬದಲಿಸಿರಿ, ತೆಗೆದ ನೀರಿನಲ್ಲಿ ಹೋದಷ್ಟೇ ಉಪ್ಪು ಮತ್ತೆ ಸೇರಿಸಿರಿ. ಆವಿಯಾದ ನೀರಿನ ಬದಲು ಹಾಕುವ ನೀರಿಗೆ ಉಪ್ಪು ಬೇಡ, ಉಪ್ಪು ಆವಿಯಾಗುವುದಿಲ್ಲ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಹೀಗೆಯೇ ನಡೆಸಿರಿ. ಗೋಲ್ಡ್ ಫಿಶ್, ಮೋಲಿಗಳು ಇದನ್ನು ಸುಲಭವಾಗಿ ತಾಳುತ್ತವೆ. ಹುರುಪೆಯಿಲ್ಲದ ಮೀಸೆಮೀನುಗಳಿದ್ದರೆ ಅರ್ಧ ಪ್ರಮಾಣದಿಂದ ಆರಂಭಿಸಿ ನೋಡಿರಿ. ನೀರುಗಿಡಗಳು ಬಾಡಬಹುದು, ಮೊದಲೇ ತೆಗೆದಿಡಿ.

ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಮೆಲಕೈಟ್ ಗ್ರೀನ್ ಹೇಳಿರುವುದನ್ನು ಓದಿರಬಹುದು. ತಿನ್ನುವ ಮೀನಿಗೆ ಇದರ ಬಳಕೆ ನಮ್ಮ ದೇಶದಲ್ಲಿ ನಿಷಿದ್ಧ. ಕಾಟ್ಲಾ, ರೋಹು ಇರುವ ಹೊಂಡದ ಬಳಿಗೂ ಅದನ್ನು ತರಬೇಡಿ.

ಇತರ ಬೇನೆಗಳು

ಗಾಯವಾದ ಕಡೆ ಹತ್ತಿಯ ಎಳೆಯಂತೆ ಬೆಳೆಯುವುದು ಬೂಷ್ಟು. ಈಜುರೆಕ್ಕೆಯ ಅಂಚು ಹರಿದು ಕೊಳೆಯುವುದು ಬ್ಯಾಕ್ಟೀರಿಯದಿಂದ. ಎರಡೂ ಕೊಳೆನೀರಿನ, ಇಕ್ಕಟ್ಟಿನ, ಕಚ್ಚಾಟದ ಫಲ. ನೀರು ಶುದ್ಧವಾಗಿ, ಕಚ್ಚುವ ಮೀನು ಬೇರೆಯಾದರೆ ಆರಂಭದಲ್ಲಿ ತಾವಾಗಿಯೇ ಮಾಯುತ್ತವೆ. ಮೈಮೇಲೆ ಚಪ್ಪಟೆಯಾಗಿ ಹರಿದಾಡುವ ಮೀನುಹೇನನ್ನು ಕಣ್ಣಿಗೆ ಕಂಡಂತೆ ಚಿಮುಟದಿಂದ ತೆಗೆಯಿರಿ. ಹೊಟ್ಟೆ ಉಬ್ಬಿ ಹುರುಪೆಗಳು ನಿಮಿರಿ ನಿಂತ ಮೀನು ಉಳಿಯುವುದು ಅಪರೂಪ. ಅದನ್ನು ಬೇರೆ ಮಾಡಿ, ಉಳಿದವುಗಳ ನೀರಿನ ಕಡೆ ಗಮನ ಕೊಡಿ. ಮನುಷ್ಯರಿಗೆ ಕೊಟ್ಟ ಆಂಟಿಬಯಾಟಿಕ್ ಗುಳಿಗೆಗಳನ್ನು ಬಿಚ್ಚಿ ತೊಟ್ಟಿಗೆ ಸುರಿಯುವ ಚಾಳಿ ಕೆಲವರಲ್ಲಿದೆ. ಅದು ಶೋಧಕದ ಬ್ಯಾಕ್ಟೀರಿಯಗಳನ್ನೂ ಕೊಂದು ಅಮೋನಿಯ ಏರಿಸಬಹುದು, ಮದ್ದಿಗೆ ಬಗ್ಗದ ರೋಗಾಣುಗಳನ್ನೂ ಬೆಳೆಸುತ್ತದೆ.

ರೋಗ ಹೆಚ್ಚಾಗಿ ಮನೆಗೆ ಬರುವುದು ಹೊಸ ಮೀನಿನ ಜೊತೆ. ಸಂತೆಯಿಂದ ತಂದ ಹಸುವನ್ನು ಮಂದೆಗೆ ಸೇರಿಸುವ ಮುನ್ನ ಬೇರೆ ಕಟ್ಟುವಂತೆ, ಹೊಸ ಮೀನನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಡಿ. ಅದರ ಬಲೆ, ಮಗ್ಗುಗಳೂ ಬೇರೆಯಿರಲಿ. ಒಂದೇ ಬಲೆಯಾದರೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆ ಇನ್ನೊಂದು ತೊಟ್ಟಿಗೆ ಹಾಕಿರಿ. ಅಂಗಡಿಯ ನೀರನ್ನು ಹೊರಗೆ ಚೆಲ್ಲಿರಿ.

ಇಷ್ಟಾದರೂ ಸಾವು ನಿಲ್ಲದಿದ್ದರೆ ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನಾಗಲಿ ವಿಚಾರಿಸಬಹುದು. ತೋರಿಸಲು ಒಯ್ಯುವಾಗ ಸತ್ತು ಮೆತ್ತಗಾದ ಮೀನನ್ನು ಒಯ್ಯಬೇಡಿ, ಅದರಲ್ಲಿ ಏನೂ ತಿಳಿಯದು. ಬೇನೆ ಬಿದ್ದು ಇನ್ನೂ ಉಸಿರಾಡುತ್ತಿರುವುದನ್ನು ಅದರದೇ ನೀರಿನಲ್ಲಿ, ಅರ್ಧಕ್ಕಿಂತ ಹೆಚ್ಚು ಗಾಳಿಯಿರುವ ಚೀಲದಲ್ಲಿ ಒಯ್ಯಿರಿ. ಬೇರೊಂದು ಶುಭ್ರ ಸೀಸೆಯಲ್ಲಿ ತೊಟ್ಟಿಯ ನೀರು ತುಂಬಿಕೊಳ್ಳಿರಿ. ಯಾವ ದಿನ ಎಷ್ಟು ಸತ್ತವು, ನೀರು ಎಂದು ಬದಲಿಸಿದಿರಿ, ಏನೇನು ಮದ್ದು ಹಾಕಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.