ಹಳೆಯ ಸೇನಾ ಜೀಪಿಗೆ ಮರಳಿ ಉಸಿರು: ಮರೆತುಹೋದ ಒಂದು ಪುಟ್ಟ ಕವಾಟದ ಕಥೆ

ಎರಡನೇ ಮಹಾಯುದ್ಧದ ಕಾಲದ ಜೀಪುಗಳನ್ನು ಮೂಲರೂಪಕ್ಕೆ ತರುವ ಹವ್ಯಾಸಿಗಳು ಬಣ್ಣ, ಟಯರು, ಲಾಂಛನಗಳಿಗೆ ಕೊಡುವ ಗಮನವನ್ನು ಎಂಜಿನ್ನಿನ ಉಸಿರಾಟಕ್ಕೆ ಕೊಡುವುದು ಕಡಿಮೆ. ಇದರ ಫಲ ಬಹುಬೇಗ ಕಾಣಿಸಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಸುರಿದು ಹೊಸದಾಗಿ ಕಟ್ಟಿದ ಎಂಜಿನ್ ಕೆಲವೇ ತಿಂಗಳಲ್ಲಿ ಆಯಿಲ್ ಸೋರಲಾರಂಭಿಸುತ್ತದೆ, ಐಡ್ಲಿಂಗ್ ವೇಗದಲ್ಲಿ ನಡುಗುತ್ತದೆ. ಮಾಲೀಕರು ಸೀಲು ಬದಲಿಸುತ್ತಾರೆ, ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಕೊನೆಗೆ ಎಂಜಿನ್ನನ್ನೇ ಮತ್ತೊಮ್ಮೆ ಇಳಿಸುತ್ತಾರೆ. ದೋಷ ಮಾತ್ರ ಹಲವು ಬಾರಿ ಹೆಬ್ಬೆರಳಿನ ಗಾತ್ರದ ಒಂದು ಕವಾಟದಲ್ಲೋ, ಕೊಳೆ ಕಟ್ಟಿದ ಒಂದು ಕೊಳವೆಯಲ್ಲೋ ಅಡಗಿರುತ್ತದೆ.

ವಿಲ್ಲಿಸ್ ಎಂಬಿ ಮತ್ತು ಅದೇ ವಿನ್ಯಾಸದ ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳು 1941ರಿಂದ 1945ರವರೆಗೆ ಒಟ್ಟು 6 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಇವುಗಳ ಹೃದಯ 'ಗೋ ಡೆವಿಲ್' ಎಂದೇ ಹೆಸರಾದ, ಸುಮಾರು 2,200 ಸಿ.ಸಿ. ಸಾಮರ್ಥ್ಯದ, 60 ಅಶ್ವಶಕ್ತಿಯ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಯುದ್ಧಾನಂತರ ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಿಂದ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭಿಸಿದ್ದರಿಂದ ಈ ವಂಶದ ವಾಹನಗಳು ನಮ್ಮ ರಸ್ತೆಗಳಿಗೂ ಅಪರಿಚಿತವಲ್ಲ.

ಎಂಜಿನ್ನಿಗೆ ಉಸಿರಾಟವೇಕೆ?

ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಸಿಲಿಂಡರಿನಲ್ಲಿ ಉರಿದ ಅನಿಲದ ಅಲ್ಪಭಾಗ ಅವುಗಳ ಪಕ್ಕದಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಈ ಅನಿಲದಲ್ಲಿ ಸುಡದ ಪೆಟ್ರೋಲಿನ ಆವಿ, ಆಮ್ಲಕಾರಕ ವಸ್ತುಗಳು ಹಾಗೂ ನೀರಿನ ಆವಿ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಅದರಲ್ಲಿ ಬಹುಪಾಲು ಸೈಲೆನ್ಸರಿನ ಮೂಲಕ ಆವಿಯಾಗಿ ಹೊರಹೋಗುತ್ತದೆ. ಕ್ರ್ಯಾಂಕ್‌ಕೇಸಿಗೆ ಇಳಿದ ಪಾಲು ಮಾತ್ರ ತಣ್ಣಗಿನ ಎಂಜಿನ್ನಿನಲ್ಲಿ ಹನಿಗಟ್ಟಿ ಆಯಿಲ್‌ನೊಡನೆ ಬೆರೆತು ಕೆಸರಾಗುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಪ್ರದರ್ಶನದ ಜೀಪುಗಳಿಗೆ ಈ ಕಾಟ ಹೆಚ್ಚು.

ಎರಡನೆಯದು ಒತ್ತಡದ ಸಮಸ್ಯೆ. ಒಳಗೆ ಸೇರಿದ ಅನಿಲಕ್ಕೆ ಹೊರದಾರಿ ಇಲ್ಲದಿದ್ದರೆ ಅದು ಗ್ಯಾಸ್ಕೆಟ್ಟುಗಳ ಮೂಲಕ, ಮುಖ್ಯವಾಗಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲಿನ ಮೂಲಕ ಆಯಿಲ್ಲನ್ನು ತಳ್ಳುತ್ತದೆ. ಮೂಲ ಎಂಜಿನ್ನಿನಲ್ಲಿ ಆ ಸೀಲು ಹುರಿಯಂಥ ಪ್ಯಾಕಿಂಗ್ ಆಗಿದ್ದರಿಂದ ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಅಲ್ಲಿಂದ ಸೋರಿದ ಆಯಿಲ್ ಕ್ಲಚ್ಚಿನ ಭಾಗಕ್ಕೂ ತಲುಪಬಲ್ಲದು.

ತೆರೆದ ಕೊಳವೆಯಿಂದ ಕವಾಟಕ್ಕೆ

ಆ ಕಾಲದ ನಾಗರಿಕ ಕಾರುಗಳಲ್ಲಿ ಇದಕ್ಕೆ ಸರಳ ಉಪಾಯವಿತ್ತು. ಕ್ರ್ಯಾಂಕ್‌ಕೇಸಿನಿಂದ ನೆಲದ ಕಡೆಗೆ ಒಂದು ತೆರೆದ ಕೊಳವೆ. ವಾಹನ ಓಡುವಾಗ ಅದರ ತುದಿಯಲ್ಲಿ ಬೀಸುವ ಗಾಳಿ ಅನಿಲವನ್ನು ಹೀರಿಕೊಳ್ಳುತ್ತಿತ್ತು. ಆದರೆ ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವ, ಆಮೆಗತಿಯಲ್ಲಿ ಸಾಗುವ, ಧೂಳಿನಲ್ಲಿ ಹೊರಳಿ ಹೊಳೆ ದಾಟುವ ಸೇನಾ ವಾಹನಕ್ಕೆ ಇದು ಒಗ್ಗುವಂಥದ್ದಲ್ಲ. ನೀರಿಗಿಳಿದರೆ ಕೊಳವೆಯ ಬಾಯಿಯೇ ಮುಳುಗುತ್ತದೆ.

ಆದ್ದರಿಂದ ಜೀಪಿನಲ್ಲಿ ಮುಚ್ಚಿದ ವ್ಯವಸ್ಥೆ ಬಂದಿತು. ಏರ್ ಕ್ಲೀನರಿನಲ್ಲಿ ಶುದ್ಧವಾದ ಗಾಳಿ ಒಂದು ರಬ್ಬರ್ ಕೊಳವೆಯ ಮೂಲಕ ಆಯಿಲ್ ಸುರಿಯುವ ನಳಿಕೆಗೆ ಬಂದು ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಅಲ್ಲಿನ ಅನಿಲವನ್ನು ಹೊತ್ತು ಎಂಜಿನ್ನಿನ ಪಕ್ಕದಲ್ಲಿರುವ ವಾಲ್ವ್ ಕೋಣೆಗೆ ಏರಿ, ಅದರ ಮುಚ್ಚಳದಿಂದ ಹೊರಟ ಲೋಹದ ಕೊಳವೆಯ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಹೊಲಸು ಅನಿಲ ಮತ್ತೆ ಸಿಲಿಂಡರಿಗೆ ಸೇರಿ ಸುಟ್ಟುಹೋಗುತ್ತದೆ.

ಮ್ಯಾನಿಫೋಲ್ಡಿಗೆ ತಿರುಚಿ ಕೂರಿಸಿದ ಕವಾಟವೇ ಈ ವ್ಯವಸ್ಥೆಯ ಕಾವಲುಗಾರ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ಹೀರುವಿಕೆ ಪ್ರಬಲ. ಅದು ಸ್ಪ್ರಿಂಗಿನ ಬಲವನ್ನು ಮೀರಿ ಒಳಗಿನ ಬೆಣೆಯನ್ನು ಎಳೆದು ದಾರಿಯನ್ನು ಕಿರಿದಾಗಿಸುತ್ತದೆ. ಆಗ ಅನಿಲವೂ ಕಡಿಮೆ, ಹೆಚ್ಚು ಗಾಳಿ ನುಗ್ಗಿದರೆ ಪೆಟ್ರೋಲ್ ಮಿಶ್ರಣ ತೆಳುವಾಗುವ ಅಪಾಯವೂ ಉಂಟು. ಏರು ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೀರುವಿಕೆ ತಗ್ಗಿ, ಸ್ಪ್ರಿಂಗ್ ಬೆಣೆಯನ್ನು ಹಿಂದಕ್ಕೆ ತಳ್ಳಿ ದಾರಿ ಹಿಗ್ಗಿಸುತ್ತದೆ.

ಇದೇ ತತ್ತ್ವದ ಕವಾಟ 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಮಾದರಿಗಳಿಂದ ಇಡೀ ಅಮೆರಿಕದಲ್ಲಿ ವಾಯುಮಾಲಿನ್ಯ ತಡೆಯ ಮೊದಲ ಸಾಧನವಾಗಿ ಬಳಕೆಗೆ ಬಂದಿತು. ರಣರಂಗದ ಧೂಳಿಗಾಗಿ ಅಳವಡಿಸಿದ್ದು ನಗರದ ಹೊಗೆಗೆ ಮದ್ದಾದದ್ದು ಗಮನಾರ್ಹ.

ದುರಸ್ತಿಯ ಕ್ರಮ

ಮೊದಲು ಎಂಜಿನ್ನಿನ ಕಂಪ್ರೆಷನ್ ಅಳೆಯಬೇಕು. ನಾಲ್ಕೂ ಸಿಲಿಂಡರುಗಳ ಅಳತೆ ಒಂದಕ್ಕೊಂದು ಸಮೀಪವಿರಬೇಕು. ರಿಂಗುಗಳೇ ಸವೆದು ಅನಿಲ ಧಾರಾಳವಾಗಿ ಇಳಿಯುತ್ತಿದ್ದರೆ ಎಂಥ ಹೊಸ ಕವಾಟವೂ ಅದನ್ನು ನಿಭಾಯಿಸಲಾರದು.

ನಂತರ ಕವಾಟ, ಲೋಹದ ಕೊಳವೆ, ವಾಲ್ವ್ ಕೋಣೆಯ ಮುಚ್ಚಳ ಇವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಶುಚಿಗೊಳಿಸಬೇಕು. ಕೊಳವೆಯ ತಿರುವುಗಳಲ್ಲಿ ಕೆಸರು ಡಾಂಬರಿನಂತೆ ಗಟ್ಟಿಯಾಗಿರುತ್ತದೆ. ಆಚೆ ಬದಿಯ ಬೆಳಕು ಕಂಡಿತೆಂದ ಮಾತ್ರಕ್ಕೆ ದಾರಿ ತೆರೆದಿದೆ ಎಂದು ನಂಬಬಾರದು. ಬಳುಕುವ ತಂತಿ ತೂರಿಸಿ ತಿಕ್ಕಿ, ಕಂಪ್ರೆಸರ್ ಗಾಳಿಯಿಂದ ಊದುವುದು ಒಳ್ಳೆಯದು. ಈ ಕೆಲಸವನ್ನು ಬೆಂಕಿಯಿಂದ ದೂರ, ಗಾಳಿಯಾಡುವ ಸ್ಥಳದಲ್ಲಿ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಮುಚ್ಚಳದ ಒಳಬದಿಯಲ್ಲಿರುವ ಅಡ್ಡತಗಡು ಹಳೆಯ ಎಂಜಿನ್ನುಗಳಲ್ಲಿ ಕಾಣೆಯಾಗಿರುವುದುಂಟು. ಸಿಡಿಯುವ ಆಯಿಲ್ ಹನಿಗಳನ್ನು ತಡೆದು ಬರಿಯ ಅನಿಲವನ್ನು ಬಿಡುವುದು ಅದರ ಕೆಲಸ. ಅದಿಲ್ಲದೆ ಜೋಡಿಸಿದರೆ ಆಯಿಲ್ ನೇರವಾಗಿ ಮ್ಯಾನಿಫೋಲ್ಡಿಗೆ ಹೋಗಿ ಸೈಲೆನ್ಸರಿನಿಂದ ನೀಲಿ ಹೊಗೆ ಏಳುತ್ತದೆ. ಮಾಲೀಕರು ರಿಂಗುಗಳನ್ನು ದೂರುತ್ತಾರೆ.

ಆಯಿಲ್ ನಳಿಕೆಯ ಮುಚ್ಚಳ ಇನ್ನೊಂದು ಕಡೆಗಣಿತ ಭಾಗ. ಈ ಜೀಪಿನಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ ಮುಚ್ಚಳಕ್ಕೇ ಅಂಟಿಕೊಂಡಿದೆ. ಮುಚ್ಚಳದ ಗ್ಯಾಸ್ಕೆಟ್ ಒಣಗಿದ್ದರೆ, ಅಥವಾ ಬೇರೆ ವಾಹನದ ತೂತುಳ್ಳ ಮುಚ್ಚಳ ಹಾಕಿದ್ದರೆ, ಗಾಳಿ ಏರ್ ಕ್ಲೀನರನ್ನು ಬಳಸದೆ ನೇರ ಒಳನುಗ್ಗುತ್ತದೆ. ಅದರೊಂದಿಗೆ ಬಂದ ಧೂಳು ಬೇರಿಂಗುಗಳನ್ನು ಉಜ್ಜುವ ಮರಳುಕಾಗದವಾಗುತ್ತದೆ. ಗಾಳಿ ಒಳಬರುವ ರಬ್ಬರ್ ಕೊಳವೆ ಸೀಳಿದ್ದರೂ ಇದೇ ಗತಿ.

ಕವಾಟದ ಆಯ್ಕೆಯಲ್ಲಿ ಎಚ್ಚರ ಬೇಕು. ಎಂಟು ಸಿಲಿಂಡರುಗಳ ದೊಡ್ಡ ಕಾರಿನ ಆಧುನಿಕ ಕವಾಟ ಹೊರನೋಟಕ್ಕೆ ಹೊಂದಿದರೂ ಐಡ್ಲಿಂಗ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಗಾಳಿ ಬಿಡುತ್ತದೆ. ಎಂಜಿನ್ ತಡವರಿಸಿದಾಗ ಕಾರ್ಬ್ಯುರೇಟರ್ ತಿರುವಿ ಸರಿಪಡಿಸಹೊರಟರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ. 1950ರಲ್ಲಿ ಬಂದ 'ಹರಿಕೇನ್' ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳು ಸಿಲಿಂಡರ್ ಹೆಡ್ಡಿಗೆ ಏರಿದ್ದರಿಂದ ಅದರ ಭಾಗಗಳೆಲ್ಲ ಹಳೆಯ ಎಂಜಿನ್ನಿಗೆ ಹೊಂದುತ್ತವೆ ಎನ್ನುವಂತಿಲ್ಲ.

ಪರೀಕ್ಷೆ ಹೇಗೆ?

ಜೋಡಣೆ ಮುಗಿದ ಮೇಲೆ ಎಂಜಿನ್ನನ್ನು ಬಯಲಿನಲ್ಲಿ ಬಿಸಿಯಾಗುವವರೆಗೆ ಓಡಿಸಬೇಕು. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು, ನಳಿಕೆಯ ಪಕ್ಕದ ರಬ್ಬರ್ ಕೊಳವೆಯನ್ನು ಅದುಮಿ ಹಿಡಿದು, ನಳಿಕೆಯ ಬಾಯಿಗೆ ತೆಳು ಕಾಗದವಿಟ್ಟರೆ ಅದು ಮೆಲ್ಲನೆ ಒಳಕ್ಕೆ ಅಂಟಿಕೊಳ್ಳಬೇಕು. ಕಾಗದ ಹಾರಿದರೆ ಕವಾಟ ಕಟ್ಟಿಕೊಂಡಿದೆ, ಇಲ್ಲವೇ ರಿಂಗುಗಳು ಸವೆದಿವೆ ಎಂದರ್ಥ.

ಹೀರುವಿಕೆಯ ಮಾಪಕವೂ ಉಪಯುಕ್ತ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಸುಮಾರು 18ರಿಂದ 20 ಇಂಚು ಪಾದರಸದ ಹೀರುವಿಕೆ ತೋರುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಇಂಚು ತಗ್ಗುವುದರಿಂದ, 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 15ರಿಂದ 17 ಇಂಚು ಕಂಡರೆ ಗಾಬರಿ ಬೇಡ. ವಿದೇಶಿ ಕೈಪಿಡಿಯ ಅಂಕಿ ನೋಡಿ ಮಂಗಳೂರಿನಲ್ಲಿ ಸರಿಯೆನಿಸಿದ ಎಂಜಿನ್ನನ್ನು ಬೆಂಗಳೂರಿನಲ್ಲಿ ರೋಗಿಷ್ಠವೆಂದು ತೀರ್ಮಾನಿಸುವ ಪ್ರಮಾದ ಇದರಿಂದ ತಪ್ಪುತ್ತದೆ.

ವಾಹನ ಪ್ರದರ್ಶನಗಳಲ್ಲಿ ಈ ಕೊಳವೆಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಹಾಗೆಂದೇ ಅನೇಕರು ಅವನ್ನು ಕಿತ್ತು, ಮ್ಯಾನಿಫೋಲ್ಡಿನ ತೂತಿಗೆ ಒಂದು ಬೋಲ್ಟ್ ಬಿಗಿದು ಸುಮ್ಮನಾಗುತ್ತಾರೆ. ಎಂಟು ದಶಕ ಕಳೆದ ಎಂಜಿನ್ನುಗಳ ಬ್ಲಾಕುಗಳು ಇನ್ನು ಹೊಸದಾಗಿ ಸಿಗುವುದು ಕಷ್ಟ. ಕೊಳವೆ, ಕವಾಟಗಳಾದರೋ ಇಂದಿಗೂ ತಯಾರಾಗುತ್ತಿವೆ. ಮುಂದಿನ ಬಾರಿ ಆಯಿಲ್ ಸೋರಿದಾಗ ಎಂಜಿನ್ ಇಳಿಸುವ ಮುನ್ನ ಅರ್ಧ ದಿನ ಇವುಗಳ ತಪಾಸಣೆಗೆ ಮೀಸಲಿಡುವುದು ಜಾಣತನ.