ನಾಲ್ಕು ಪಾಯಿಂಟಿನ ಪ್ರಶ್ನೆ: ಈತ ಯಾರು?

“ಟಾಪ್! ನನ್ನ ತಾಯಿ ಗಾಯಕಿ. ತಂದೆ ವಾದ್ಯಗೋಷ್ಠಿಯ ನಾಯಕ. 1949ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ರೊನಾಂ. 1981ರಲ್ಲಿ ನಾನು ಹಾಕಿದ ರಾಗಕ್ಕೆ ಫ್ರಾನ್ಸ್ ತಲೆದೂಗಿತು, ಹೆಸರು ಮಾತ್ರ ಹಾಡಿದವನ ಪಾಲಾಯಿತು. ಆಮೇಲೆ 27 ವರ್ಷ ಸಂಜೆಯಾದರೆ ಜನರ ಮನೆಯಲ್ಲಿ ಹಾಜರ್! ನಾನು ಯಾರು?”

ಗುಂಡಿ ಒತ್ತಿದಿರಾ ಓದುಗರೇ? ಮೊದಲ ಸುಳಿವಿಗೇ ಹೇಳಿದ್ದರೆ ನಾಲ್ಕು ಪಾಯಿಂಟ್. ತಡ ಮಾಡಿದಷ್ಟೂ ಮೂರು, ಎರಡು, ಒಂದು... ಕೊನೆಗೆ ಸೊನ್ನೆ! ಆ ಆಟ ನಡೆಯುವುದೇ ಹೀಗೆ. ಅದನ್ನು ಆಡಿಸಿದಾತ ಜೂಲಿಯಾಂ ಲೆಪೇರ್ಸ್.

ರೇಡಿಯೋದಿಂದ ಕಿರುತೆರೆಗೆ

ಜೂಲಿಯಾಂ ಮೊದಲು ರೇಡಿಯೋ ಮನುಷ್ಯ. ಮಾಂಟೆ ಕಾರ್ಲೋ ರೇಡಿಯೋ, ಆಮೇಲೆ ಆರ್‌ಟಿಎಲ್. ಮಾತಿನ ಜೊತೆ ರಾಗ ಹಾಕುವ ಹುಚ್ಚೂ ಇತ್ತು. ಎರ್ಬೆರ್ ಲೆಯೊನಾರ್ ಎಂಬ ಗಾಯಕ 1970ರಲ್ಲಿ ವಿಮಾನ ಅಪಘಾತಕ್ಕೆ ಸಿಕ್ಕಿ, ಬದುಕುಳಿದು, ಹಾಡುಲೋಕದಿಂದ ಮರೆಯಾಗಿದ್ದ. ಅವನನ್ನು ಮತ್ತೆ ಮೇಲೆತ್ತಿದ್ದು 1981ರ ‘ಪೂರ್ ಲ ಪ್ಲೆಜೀರ್’. ಅದಕ್ಕೆ ರಾಗ ಹಾಕಿದವನು ನಮ್ಮ ಜೂಲಿಯಾಂ! ಪರರನ್ನು ಗೆಲ್ಲಿಸುವ ಕೈಗುಣ ಆಗಲೇ ಇತ್ತು ಅನ್ನಿ.

1988ರ ನವೆಂಬರ್‌ನಲ್ಲಿ ಎಫ್‌ಆರ್3 ವಾಹಿನಿಯಲ್ಲಿ ‘ಕೆಸ್ತ್ಯೋಂ ಪೂರ್ ಅಂ ಶಾಂಪ್ಯೋಂ’ ಶುರುವಾಯಿತು. ಅಂದರೆ ‘ಚಾಂಪಿಯನ್‌ಗೆ ಪ್ರಶ್ನೆಗಳು’. ಮೂಲ ಸರಕು ಇಂಗ್ಲೆಂಡಿನದು, ‘ಗೋಯಿಂಗ್ ಫಾರ್ ಗೋಲ್ಡ್’. ಆದರೆ ಫ್ರಾನ್ಸಿನವರು ಅದನ್ನು ಸ್ವಂತದ್ದೇ ಮಾಡಿಕೊಂಡರು. ಮೊದಲು ನಾಲ್ವರು ಸ್ಪರ್ಧಿಗಳು. ಒಂಬತ್ತು ಪಾಯಿಂಟ್ ಮುಟ್ಟಿದ ಮೂವರು ಮುಂದಕ್ಕೆ. ಆಮೇಲೆ ನಲವತ್ತು ಸೆಕೆಂಡಿನಲ್ಲಿ ಸಾಲಾಗಿ ನಾಲ್ಕು ಸರಿಯುತ್ತರ! ಉಳಿದ ಇಬ್ಬರ ನಡುವೆ ಕೊನೆಯ ಮುಖಾಮುಖಿ. ಊರೂರಲ್ಲಿ ಈ ಆಟದ ಕ್ಲಬ್ಬುಗಳೇ ಹುಟ್ಟಿಕೊಂಡವು ಅಂದರೆ ನೋಡಿ!

ಜೂಲಿಯಾಂ ಶೈಲಿ? ಕೈಯಲ್ಲಿ ಪ್ರಶ್ನೆಯ ಚೀಟಿಗಳು, ಪಟಪಟ ಮಾತು, ಸರಿಯುತ್ತರ ಬಂದರೆ “ವೀ, ವೀ, ವೀ!” ಎಂಬ ಕೂಗು. ಗೆದ್ದವನಿಗಿಂತ ಇವನಿಗೇ ಹೆಚ್ಚು ಖುಷಿ! ಮಿಮಿಕ್ರಿ ಕಲಾವಿದರಿಗಂತೂ ಹಬ್ಬ. ಕೆಲವರಿಗೆ ಈ ಗದ್ದಲ ಅತಿಯಾಯಿತು ಅನ್ನಿಸಿದ್ದೂ ಉಂಟು. ಆದರೆ ಟೀವಿ ಆರಿಸಿದರೇ? ಊಹೂಂ.

ಕುರ್ಚಿ ಯಾರದು?

2015ರ ಕೊನೆಯಲ್ಲಿ ಬಂತು ಸಿಡಿಲಿನಂಥ ಸುದ್ದಿ. ಜೂಲಿಯಾಂಗೆ ಬೀಳ್ಕೊಡುಗೆ! ಆಗ ವಯಸ್ಸು 66. ವಾಹಿನಿಗೆ ಹೊಸ ಮುಖ ಬೇಕಿತ್ತು. 2016ರ ಫೆಬ್ರವರಿಯಲ್ಲಿ ಪತ್ರಕರ್ತ ಸಾಮ್ಯುಯೆಲ್ ಎತಿಯೆನ್ ಬಂದು ಅದೇ ಜಾಗದಲ್ಲಿ ನಿಂತರು. ಅದೇ ಆಟ, ಅದೇ ಗುಂಡಿ, ಅದೇ ‘ಟಾಪ್’. ಮನುಷ್ಯ ಮಾತ್ರ ಬೇರೆ.

ನೋವಾಗದೆ ಇರುತ್ತದೆಯೇ? ಸಿನಿಮಾ ನಟನಿಗಾದರೆ ಹಳೇ ಚಿತ್ರವಾದರೂ ಉಳಿಯುತ್ತದೆ. ನಿನ್ನೆಯ ಪ್ರಶ್ನೆಗಳನ್ನು ಇವತ್ತು ಕೇಳುವವರಾರು? ಆಟ ನಡೆಸುವವನ ಪಾಡೇ ಅಷ್ಟು.

ಆದರೆ ಜೂಲಿಯಾಂ ಮೂಲೆ ಸೇರುವ ಆಸಾಮಿಯಲ್ಲ. ಅದೇ 2016ರಲ್ಲಿ ತಾರೆಯರ ಕುಣಿತದ ಸ್ಪರ್ಧೆ ‘ದಾನ್ಸ್ ಅವೆಕ್ ಲೆ ಸ್ಟಾರ್’ಗೆ ಹೆಜ್ಜೆ ಹಾಕಿಯೇಬಿಟ್ಟ. ಅಷ್ಟು ವರ್ಷ ಬೇರೆಯವರ ಅಂಕ ಎಣಿಸಿದವನು ಈಗ ತೀರ್ಪುಗಾರರ ಮುಂದೆ, ಬೆವರೊರೆಸಿಕೊಳ್ಳುತ್ತಾ, ತನ್ನ ಅಂಕಕ್ಕಾಗಿ ಕಾದು ನಿಂತ. ಗೆಲ್ಲಲಿಲ್ಲ, ನಿಜ. ಆದರೆ ಸ್ಪರ್ಧಿಯ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನುವುದು ಅವತ್ತು ಅವನಿಗೂ ಗೊತ್ತಾಗಿರಬೇಕು!