ಗಿಟಾರಿನ ಮೇಲಿನ ಕಲೆ, ಕಾರ್ಖಾನೆಯ ಮುದ್ರೆ

ನಮ್ಮ ವಾಚನಾಲಯಕ್ಕೆ ಪಾಳಿ ಮುಗಿಸಿ ಬರುವ ತರುಣರಲ್ಲಿ ಗಿಟಾರು ಕಲಿಯುವ ಹಂಬಲ ಹೆಚ್ಚುತ್ತಿದೆ. ಗಣೇಶೋತ್ಸವದ ಕಾರ್ಯಕ್ರಮದಲ್ಲಿ ಭಾವಗೀತೆಗೆ ಜೊತೆಗೊಡುವವರು ಕೆಲವರು, ಭಾನುವಾರ ಇಗರ್ಜಿಯಲ್ಲಿ ಹಾಡುವ ಮಂಗಳೂರಿನ ಬಂಧುಗಳು ಕೆಲವರು, ಮಕ್ಕಳ ಆಸೆಗೆ ಕಟ್ಟುಬಿದ್ದ ತಂದೆಯರು ಇನ್ನು ಕೆಲವರು. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: “ಗಿಟಾರಿನ ಮೇಲೆ ಕಲೆಯಿದೆ, ಹಿಂದುಗಡೆ ಏನೋ ಮುದ್ರೆಯಿದೆ, ಅಂಗಡಿಯವರು ಬೆಲೆ ಇಳಿಸಿ ಕೊಡುತ್ತೇನೆನ್ನುತ್ತಾರೆ. ಕೊಳ್ಳಬಹುದೋ, ಬಾರದೋ?” ಪ್ರಶ್ನೆ ಸಣ್ಣದಲ್ಲ. ಮನೆಬಾಡಿಗೆ ಕೊಟ್ಟು, ಊರಿಗೆ ಕಳುಹಿಸಿ, ಮಿಕ್ಕಿದ್ದರಲ್ಲಿ ತಿಂಗಳು ತಿಂಗಳು ಕೂಡಿಸಿದ ಹಣದ ಮಾತಿದು. ಆದುದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಗಿರಣಿಯ ಪಾಠ

ಬಟ್ಟೆ ಗಿರಣಿಯ ಸಂಬಂಧವಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿ, ಗಜ ಗಜವಾಗಿ ಕಣ್ಣಾಡಿಸಿ ನೋಡುತ್ತಾರೆ. ಎಲ್ಲಿಯೋ ಎಣ್ಣೆಯ ಚುಕ್ಕೆ, ಎಲ್ಲಿಯೋ ತಪ್ಪಿಹೋದ ಹೊಕ್ಕಿನ ಎಳೆ, ಎಲ್ಲಿಯೋ ಬಣ್ಣದ ಏರುಪೇರು. ಅಂತಹ ಬಟ್ಟೆಗೆ ‘ಸೆಕೆಂಡ್ಸ್’ ಎಂಬ ಮುದ್ರೆ ಬೀಳುತ್ತದೆ; ಬೆಲೆಯೂ ಇಳಿಯುತ್ತದೆ. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದ ಅನಂತರ ಪರಳ, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದಕ್ಕೆ ಮುಂಚೆ ಅಲ್ಲಿಯ ಚಾಳುಗಳಲ್ಲಿದ್ದ ನಮ್ಮ ಹಿರಿಯರಲ್ಲಿ ಸೆಕೆಂಡ್ಸ್ ಬಟ್ಟೆಯ ಅಂಗಿ ತೊಡದವರು ವಿರಳ. ಚುಕ್ಕೆಯಿದ್ದ ಬಟ್ಟೆ ನಾಲ್ಕು ವರ್ಷ ಬಾಳಿತು. ಆದರೆ ಹಾಸಿನ ಎಳೆಯೇ ಕಡಿದುಹೋಗಿದ್ದ ಬಟ್ಟೆ ಎರಡು ಒಗೆತಕ್ಕೆ ಪಿಸಿಯಿತು.

ಇಲ್ಲಿ ಗಮನಿಸಬೇಕಾದುದು ಇದು. ದೋಷಗಳಲ್ಲಿ ಎರಡು ಜಾತಿ: ಕಣ್ಣಿಗೆ ಮಾತ್ರ ಕಾಣುವ ದೋಷ ಒಂದು, ಕೆಲಸವನ್ನೇ ಕೆಡಿಸುವ ದೋಷ ಇನ್ನೊಂದು. ಬಟ್ಟೆಗೆ ಸಲ್ಲುವ ಈ ಮಾತು ಗಿಟಾರಿಗೂ ಸಲ್ಲುತ್ತದೆ.

ಕಣ್ಣಿನ ದೋಷಗಳು

ಗಿಟಾರಿನ ಮೆರುಗಿನಲ್ಲಿ ಧೂಳಿನ ಕಣ ಸಿಕ್ಕಿಕೊಂಡಿರುವುದು, ಬಣ್ಣ ಒಂದೆಡೆ ದಪ್ಪವಾಗಿ ಇಳಿದಿರುವುದು, ಕೀಲಿನ ಬಳಿ ಅಂಟು ಒರೆಸಿದ ಗುರುತು ಉಳಿದಿರುವುದು, ಅಂಚಿನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸಂದು ಇರುವುದು, ಇವೆಲ್ಲ ಕಣ್ಣಿನ ದೋಷಗಳು. ನಾದಕ್ಕೆ ಇವುಗಳಿಂದ ಬಾಧೆಯಿಲ್ಲ.

ಕೆಲವು ಗುರುತುಗಳಂತೂ ದೋಷವೇ ಅಲ್ಲ, ಮರದ ಸ್ವಭಾವ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನೇ ತೆಗೆದುಕೊಳ್ಳಿ. ಕೊಡಗು, ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಲೋಕದ ಹೆಸರಾಂತ ಗಿಟಾರುಗಳ ಬೆನ್ನು ಮತ್ತು ಪಕ್ಕೆಗಳು ಈ ಮರದಿಂದಾಗುತ್ತವೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು. ಅಮೆರಿಕದ ಮಾರ್ಟಿನ್ ಕಂಪೆನಿ ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿತ್ತು. ಆ ದೇಶದಿಂದ ದಿಮ್ಮಿಗಳು ಬರುವುದು ಕಷ್ಟವಾದಾಗ, 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಬೀಟೆಯ ಕಾಳಿನಲ್ಲಿ ಕಪ್ಪು ಗೆರೆಗಳು ಇದ್ದೇ ಇರುತ್ತವೆ. ಹೊರಗಿನ ಹಸಿಮರ ತೆಳು ಹಳದಿ. ಬೆನ್ನಿನ ಹಲಗೆಯಲ್ಲಿ ಈ ಎರಡು ಬಣ್ಣ ಕಂಡರೆ ತೇಪೆ ಹಾಕಿದ್ದಾರೆಂದು ಹೆದರಬೇಕಾಗಿಲ್ಲ. ಹಾಗೆಯೇ ಮುಖದ ಹಲಗೆಗೆ ಬಳಸುವ ಸ್ಪ್ರೂಸ್ ಮರದಲ್ಲಿ ಕರಡಿ ಉಗುರಿನಿಂದ ಗೀರಿದಂತೆ ಅಡ್ಡ ನೆರಿಗೆಗಳು ಬರುವುದುಂಟು. ಒಬ್ಬರು ಇದನ್ನು ಕುಂದೆಂದು ಬಿಟ್ಟರೆ, ಇನ್ನೊಬ್ಬರು ಚೆಂದವೆಂದು ಹೆಚ್ಚು ಹಣ ಕೊಟ್ಟು ಒಯ್ಯುತ್ತಾರೆ.

ಬಿರುಕಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಮೆರುಗು ಚಳಿ ಸೆಕೆಗಳಿಗೆ ಸಿಕ್ಕಿ ಕೂದಲಿನಂತೆ ಸೀಳುವುದುಂಟು. ಅದು ಮೆರುಗಿನ ಬಿರುಕು, ನಾದಕ್ಕೆ ಕೆಡುಕಿಲ್ಲ. ಮರವೇ ಸೀಳಿದ್ದರೆ ಸಂಗತಿ ಬೇರೆ. ತಿಳಿಯುವುದು ಹೇಗೆ? ನಾದದ ರಂಧ್ರದೊಳಗೆ ಬ್ಯಾಟರಿಯ ಬೆಳಕು ಬಿಟ್ಟು, ಸಣ್ಣ ಕನ್ನಡಿ ಹಿಡಿದು ಅದೇ ಜಾಗವನ್ನು ಒಳಗಿನಿಂದ ನೋಡಿರಿ. ಒಳಗೂ ಗೆರೆ ಕಂಡರೆ ಅದು ಮರದ ಬಿರುಕು.

ಮುದ್ರೆಗಳ ಭಾಷೆ

ಕಾರ್ಖಾನೆಯ ಮುದ್ರೆಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಕೆಲವು ಹುಟ್ಟಿದ ದಿನ ಹೇಳುತ್ತವೆ, ಕೆಲವು ಹುಟ್ಟಿದ ಊರು ಹೇಳುತ್ತವೆ, ಕೆಲವು ದರ್ಜೆ ಹೇಳುತ್ತವೆ.

ದರ್ಜೆಯ ಮುದ್ರೆಗೆ ಪ್ರಸಿದ್ಧ ಉದಾಹರಣೆ ಅಮೆರಿಕದ ಗಿಬ್ಸನ್ ಕಂಪೆನಿಯದು. ಆ ಕಾರ್ಖಾನೆಯ ಹಳೆಯ ಗಿಟಾರುಗಳಲ್ಲಿ ಕೆಲವಕ್ಕೆ ತಲೆಯ ಹಿಂಬದಿಯಲ್ಲಿ, ಕ್ರಮಸಂಖ್ಯೆಯ ಸಮೀಪ, 2 ಎಂಬ ಅಂಕೆಯನ್ನೋ ಅದರ ಜೊತೆಗೆ ಎನ್, ಡಿ ಎಂಬ ಅಕ್ಷರಗಳನ್ನೋ ಒತ್ತಿರುತ್ತಾರೆ. ಇದು ನಮ್ಮ ಗಿರಣಿಯ ಸೆಕೆಂಡ್ಸ್ ಮುದ್ರೆಯ ಅಣ್ಣತಮ್ಮನೇ ಸರಿ. ತಪಾಸಣೆಯವರ ಕಣ್ಣಿಗೆ ಮೆರುಗಿನಲ್ಲೋ ಮರದಲ್ಲೋ ಏನೋ ಕುಂದು ಕಂಡಿತು, ಆದರೆ ಗಿಟಾರು ನುಡಿಸಲು ಯೋಗ್ಯ, ಕಡಿಮೆ ಬೆಲೆಗೆ ಹೋಗಲಿ ಎಂಬುದು ಅದರ ಅರ್ಥ. ಆ ಕುಂದು ಎಲ್ಲಿದೆಯೆಂದು ಇಂದು ಹುಡುಕಿದರೂ ಎಷ್ಟೋ ಸಲ ಸಿಗುವುದಿಲ್ಲ.

ಕ್ರಮಸಂಖ್ಯೆಯನ್ನು ಓದುವುದೂ ಒಂದು ವಿದ್ಯೆ. 1977ರಿಂದ ಬಹಳ ವರ್ಷ ಗಿಬ್ಸನ್ನರು ಎಂಟು ಅಂಕೆಗಳ ಸಂಖ್ಯೆ ಹಾಕಿದರು. ಮೊದಲನೆಯ ಮತ್ತು ಐದನೆಯ ಅಂಕೆ ಸೇರಿ ವರ್ಷ. ನಡುವಿನ ಮೂರು ಅಂಕೆ ಆ ವರ್ಷದ ಎಷ್ಟನೆಯ ದಿನ ಎಂಬುದು. ಕೊನೆಯ ಮೂರು ಆ ದಿನದ ಸರದಿ. 82205501 ಎಂದಿದ್ದರೆ 1985ನೆಯ ಇಸವಿಯ 220ನೆಯ ದಿನ, ಎಂದರೆ ಆಗಸ್ಟ್ 8 ಎಂದಾಯಿತು. ಮಾರ್ಟಿನ್ ಕಂಪೆನಿಯವರು 1898ರಿಂದಲೂ ತಮ್ಮ ಗಿಟಾರಿನ ಸಂಖ್ಯೆಯನ್ನು ಒಳಗೆ, ಕಂಠ ಕೂಡುವ ಮರದ ತುಂಡಿನ ಮೇಲೆ ಒತ್ತುತ್ತ ಬಂದಿದ್ದಾರೆ.

ಇನ್ನೊಂದು ಬಗೆಯ ಗುರುತು ನಮ್ಮಂತಹ ದುಡಿಯುವವರಿಗೆ ವಿಶೇಷವಾಗಿ ಹಿಡಿಸುವಂತಹುದು. ಕ್ಯಾಲಿಫೋರ್ನಿಯದ ಫೆಂಡರ್ ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ಕಂಠಗಳನ್ನು ರೂಪಿಸುತ್ತಿದ್ದವರಲ್ಲಿ ತಾದಿಯೋ ಗೋಮೆಜ್ ಎಂಬ ಕೆಲಸಗಾರರಿದ್ದರು. ತಾವು ಮಾಡಿದ ಕಂಠದ ಬುಡದಲ್ಲಿ ಪೆನ್ಸಿಲಿನಿಂದ ಟಿ, ಜಿ ಎಂಬ ಎರಡಕ್ಷರವನ್ನೂ ದಿನಾಂಕವನ್ನೂ ಬರೆಯುತ್ತಿದ್ದರು. ಕಂಠವನ್ನು ಬಿಚ್ಚಿದರಲ್ಲದೆ ಅದು ಕಾಣದು. ಇಂದು ಹಳೆಯ ಗಿಟಾರು ಸಂಗ್ರಹಿಸುವವರು ಆ ಎರಡಕ್ಷರ ಕಂಡರೆ ಹಿಗ್ಗುತ್ತಾರೆ. ಕೂಲಿಯ ಲೆಕ್ಕಕ್ಕೋ ಗುರುತಿಗೋ ಬರೆದ ಅಕ್ಷರವೇ ಈಗ ವಸ್ತುವಿನ ಗೌರವವನ್ನು ಹೆಚ್ಚಿಸಿದೆ.

ಊರಿನ ಹೆಸರಿನ ಚೀಟಿಯನ್ನೂ ಸರಿಯಾಗಿ ಓದಬೇಕು. ಜಪಾನಿನ ಯಮಾಹಾ ಕಂಪೆನಿಗೆ ಚೆನ್ನೈಯಲ್ಲಿಯೂ ಕಾರ್ಖಾನೆಯಿದೆ. ಆದುದರಿಂದ ಅದರ ಗಿಟಾರಿನ ಮೇಲೆ ಭಾರತದ ಹೆಸರಿದ್ದ ಮಾತ್ರಕ್ಕೆ ಅದು ನಕಲಿಯಲ್ಲ. ಇತ್ತ ಗಿವ್‌ಸನ್ ಎಂಬುದು ನಮ್ಮ ದೇಶದ ಗಿಟಾರು. ಅಮೆರಿಕದ ಗಿಬ್ಸನ್ ಬೇರೆ, ಇದು ಬೇರೆ. ಅಕ್ಷರ ಅಕ್ಷರ ಕೂಡಿಸಿ ಓದಿದರೆ ಮೋಸಹೋಗುವುದಿಲ್ಲ. ಸಂಖ್ಯೆಯೊಂದನ್ನೇ ನಂಬುವುದೂ ಸಲ್ಲದು. ನಕಲಿ ಮಾಡುವವರು ಅದನ್ನೂ ಅಚ್ಚು ಹಾಕಬಲ್ಲರು.

ಕೆಲಸ ಕೆಡಿಸುವ ದೋಷ

ಕಲೆಯನ್ನು ಕ್ಷಮಿಸಬಹುದು, ಇವುಗಳನ್ನು ಕ್ಷಮಿಸಬಾರದು:

1. ಕಂಠ ಡೊಂಕಾಗಿರುವುದು. ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ತಲೆಯ ಕಡೆಯಿಂದ ನೋಡಿರಿ. ತೀರ ಸ್ವಲ್ಪ ತಗ್ಗು ಇರಬಹುದು, ತಿರುಚಿಕೊಂಡಿದ್ದರೆ ಬೇಡ.

2. ತಲೆ ಮತ್ತು ಕಂಠ ಕೂಡುವಲ್ಲಿ ಬಿರುಕು. ಗಿಟಾರು ಬಿದ್ದರೆ ಮೊದಲು ಒಡೆಯುವ ಜಾಗವೇ ಇದು.

3. ತಂತಿ ಕಟ್ಟುವ ಬ್ರಿಜ್ ಮೇಲೇಳುವುದು. ಅದರ ಹಿಂಭಾಗದ ಅಡಿಯಲ್ಲಿ ಕಾಗದದ ಅಂಚು ತೂರಿದರೆ ಅಂಟು ಬಿಟ್ಟಿದೆಯೆಂದೇ ತಿಳಿಯಿರಿ.

4. ಶ್ರುತಿ ತಪ್ಪುವುದು. ಹನ್ನೆರಡನೆಯ ಫ್ರೆಟ್ ತಂತಿಯ ಹೆಚ್ಚುಕಡಿಮೆ ನಟ್ಟನಡುವೆ ಇರುತ್ತದೆ. ತಂತಿಯ ಉದ್ದ ಅರ್ಧವಾದಾಗ ಕಂಪನ ಇಮ್ಮಡಿಸಿ ಮೇಲಿನ ಷಡ್ಜ ಬರಬೇಕು. ತೆರೆದ ತಂತಿಯನ್ನು ಮಿಡಿದು, ಬಳಿಕ ಅಲ್ಲಿ ಒತ್ತಿ ಮಿಡಿದು ಕೇಳಿರಿ. ಎರಡೂ ಹೊಂದದಿದ್ದರೆ ತಂತಿಯೋ ಬ್ರಿಜ್ಜೋ ಕೆಟ್ಟಿದೆ. ಹೊಸ ತಂತಿ ಹಾಕಿಸಿ ಮತ್ತೊಮ್ಮೆ ನೋಡಬೇಕು.

5. ಫ್ರೆಟ್ ಕೆರೆಯುವುದು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮನೆಯಲ್ಲೂ ಒತ್ತಿ ನುಡಿಸಿರಿ. ಹತ್ತು ನಿಮಿಷದ ಕೆಲಸ. ಅಂಗಡಿಯವರು ಅವಸರ ಮಾಡಿದರೆ ನೀವು ಮಾಡಬೇಡಿರಿ.

ಧೋಬಿತಲಾವಿನಲ್ಲಿ 1865ರಷ್ಟು ಹಿಂದೆ ಹುಟ್ಟಿದ ಫುರ್ಟಾಡೋಸ್‌ನಂತಹ ವಾದ್ಯದಂಗಡಿಗಳಿವೆ. ಅಲ್ಲಿ ಹೊಸ ಗಿಟಾರುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ, ಆಮೇಲೆ ಚೋರ್ ಬಜಾರಿನಲ್ಲೋ ಪರಿಚಿತರಲ್ಲೋ ಹಳೆಯದನ್ನು ಪರೀಕ್ಷಿಸುವಾಗ ಕಣ್ಣು ಕಿವಿಗಳಿಗೆ ಒಂದು ಅಳತೆ ಸಿಕ್ಕಿರುತ್ತದೆ. ‘ಬಿ ಸ್ಟಾಕ್’ ಎಂಬ ಮಾತು ಕಿವಿಗೆ ಬಿದ್ದರೆ, ಗೀರು ಬಿದ್ದದ್ದು, ಪ್ರದರ್ಶನಕ್ಕೆ ಇಟ್ಟದ್ದು ಅಥವಾ ಗಿರಾಕಿ ಹಿಂದಿರುಗಿಸಿದ್ದು ಎಂದು ತಿಳಿಯಬೇಕು. ಯಾವುದೆಂದು ಬಿಡಿಸಿ ಕೇಳಬೇಕು.

ಮುದ್ರೆ ಅಳಿಸುವವರು

ಮುದ್ರೆಯಿರುವುದು ಮೋಸವಲ್ಲ, ಮುದ್ರೆಯನ್ನು ಅಳಿಸುವುದು ಮೋಸ. ಕಾರ್ಖಾನೆ ತನ್ನ ಕುಂದನ್ನು ತಾನೇ ಹೇಳಿಕೊಂಡು ಬೆಲೆ ಇಳಿಸಿತು. ನಡುವೆ ಯಾರೋ ಉಪ್ಪುಕಾಗದದಿಂದ ಉಜ್ಜಿ, ಮೇಲೆ ಮೆರುಗು ಬಳಿದು, ಪೂರ್ತಿ ಬೆಲೆ ಕೇಳಿದರೆ ಆ ವ್ಯತ್ಯಾಸದ ಹಣ ಹೋಗುವುದು ನಮ್ಮ ಜೇಬಿನಿಂದ. ತಲೆಯ ಹಿಂಬದಿಯನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿರಿ. ಒಂದು ಕಡೆ ಮಾತ್ರ ಹೊಸ ಹೊಳಪು, ಸಣ್ಣ ತಗ್ಗು ಕಂಡರೆ ಕಾರಣ ಕೇಳಿರಿ. ಅಂಗಡಿಯಲ್ಲಿ ಕೊಂಡಾಗ ರಸೀದಿ ತಪ್ಪಬಾರದು. ಕಡಿಮೆ ದರ್ಜೆಯದಾದರೆ ಇಂತಹ ಕುಂದಿಗಾಗಿ ಇಷ್ಟು ಬೆಲೆ ಇಳಿಸಿದೆ ಎಂದು ಅದರಲ್ಲೇ ಬರೆಸಿಕೊಳ್ಳಬೇಕು. ಹೇಳದೆ ಮುಚ್ಚಿಟ್ಟ ದೋಷಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡುವ ಹಕ್ಕಿದೆ. ಆಗ ಕೈಯಲ್ಲಿರುವ ರಸೀದಿಯೇ ಸಾಕ್ಷಿ.

ಕೊಂಡ ಮೇಲೆ ಮುಂಬಯಿಯ ಮಳೆಗಾಲವನ್ನು ಮರೆಯಬಾರದು. ತೇವಕ್ಕೆ ಮರ ಉಬ್ಬುತ್ತದೆ, ಬಿಸಿಗೆ ಅಂಟು ಸಡಿಲಾಗುತ್ತದೆ. ತಗಡಿನ ಮಾಡಿನ ಅಡಿಯ ಅಟ್ಟದಲ್ಲಾಗಲಿ, ಸೋರುವ ಗೋಡೆಗೆ ಒರಗಿಸಿಯಾಗಲಿ ಇಡಬೇಡಿರಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸಿ, ಚೀಲದಲ್ಲಿ ಹಾಕಿ ಒಳಗೋಡೆಯ ಮೊಳೆಗೆ ತೂಗಹಾಕಿರಿ.

ಗಿಟಾರಿನ ತಲೆಯ ಹಿಂದಿನ ಮುದ್ರೆ ಸಭೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ, ಕೇಳುವುದಂತೂ ಇಲ್ಲವೇ ಇಲ್ಲ. ಕಂಠ ನೇರವಾಗಿದ್ದು, ಶ್ರುತಿ ನಿಲ್ಲುವಂತಿದ್ದು, ಕಲೆಯ ಲೆಕ್ಕಕ್ಕೆ ಬೆಲೆ ಇಳಿದಿದ್ದರೆ, ಅಂತಹ ಗಿಟಾರನ್ನು ಸಂಕೋಚವಿಲ್ಲದೆ ಮನೆಗೆ ತನ್ನಿರಿ. ಉಳಿದ ಹಣ ಹೊಸ ತಂತಿಗೂ ಒಬ್ಬ ಒಳ್ಳೆಯ ಗುರುವಿನ ಮೊದಲ ತಿಂಗಳ ಶುಲ್ಕಕ್ಕೂ ಆದೀತು.